ಹಳೆಯ ಟೂ ಸ್ಟ್ರೋಕ್ ಮೋಟಾರ್ ಸೈಕಲ್

ಹಳೆಯ ಟೂ ಸ್ಟ್ರೋಕ್ ಮೋಟಾರ್ ಸೈಕಲ್ ಎಂಬುದು ಎರಡು ಹೊಡೆತದ ಪೆಟ್ರೋಲ್ ಎಂಜಿನ್ ಹೊಂದಿದ್ದು, ವಯಸ್ಸು, ರಚನೆ ಅಥವಾ ಕಾನೂನಿನ ವಿಂಗಡಣೆಯಿಂದ ಇಂದಿನ ವಾಹನಗಳಿಗಿಂತ ಬೇರೆಯಾಗಿ ಗುರುತಿಸಲ್ಪಡುವ ದ್ವಿಚಕ್ರ ವಾಹನ. ಕರ್ನಾಟಕದಲ್ಲಿ ಜಾವಾ, ಯೆಜ್ಡಿ, ರಾಜದೂತ್, ಯಮಹಾ ಆರ್‌ಎಕ್ಸ್ 100 ಮೊದಲಾದವು ಈ ವರ್ಗದ ಪರಿಚಿತ ವಾಹನಗಳು. ಇಂತಹ ವಾಹನ ಯಾವಾಗ 'ಹಳೆಯದು' ಆಗುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಭಾರತದ ಮೋಟಾರು ವಾಹನ ಕಾನೂನಿನಲ್ಲಿ 15, 20 ಮತ್ತು 50 ವರ್ಷಗಳ ಗಡಿಗಳಿವೆ. ಹೊಗೆ ತಪಾಸಣೆಗೆ 2000ನೆಯ ಇಸವಿಯೇ ಗಡಿ. ಅಂತರರಾಷ್ಟ್ರೀಯ ಹಳೆವಾಹನ ಒಕ್ಕೂಟ 30 ವರ್ಷವನ್ನು ಒಪ್ಪುತ್ತದೆ. ಮಣ್ಣಿನ ಹಾದಿಯ ಪಂದ್ಯಗಳಲ್ಲಿ ಇಸವಿಯ ಜೊತೆಗೆ ವಾಹನದ ರಚನೆಯನ್ನೂ ನೋಡಲಾಗುತ್ತದೆ. ಈ ಅಳತೆಗಳನ್ನು ಒಂದಕ್ಕೊಂದು ಬೆರೆಸುವುದರಿಂದ ಉಳಿಸಿಕೊಳ್ಳಬಹುದಾದ ವಾಹನಗಳು ಗುಜರಿಗೆ ಹೋಗುವುದೂ, ನೋಂದಣಿಯ ಅವಧಿ ಮುಗಿದ ವಾಹನಗಳು ರಸ್ತೆಯಲ್ಲಿ ಓಡುವುದೂ ಉಂಟು.

ಎಂಜಿನ್ನಿನ ಸ್ವರೂಪ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದಾಗ ಒಮ್ಮೆ ಇಂಧನ ಉರಿದು ಶಕ್ತಿ ದೊರೆಯುತ್ತದೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಶಕ್ತಿ ದೊರೆಯುತ್ತದೆ. ಇದರಲ್ಲಿ ವಾಲ್ವುಗಳ ಬದಲು ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಚಲಿಸುವಾಗ ತಾನೇ ಅವುಗಳನ್ನು ತೆರೆದು ಮುಚ್ಚುತ್ತದೆ. ಭಾಗಗಳು ಕಡಿಮೆ, ತೂಕ ಕಡಿಮೆ, ದುರಸ್ತಿ ಸುಲಭ. ಸಣ್ಣ ಊರಿನ ಮೆಕ್ಯಾನಿಕ್ ಕೂಡ ಕೆಲವೇ ಸ್ಪ್ಯಾನರ್‌ಗಳಿಂದ ಇದನ್ನು ಬಿಚ್ಚಿ ಜೋಡಿಸಬಲ್ಲ.

ಈ ಸರಳತೆಯಲ್ಲಿಯೇ ದೋಷವೂ ಅಡಗಿದೆ. ಹೊಸ ಇಂಧನ ಸಿಲಿಂಡರಿಗೆ ಬರುವುದೂ ಸುಟ್ಟ ಅನಿಲ ಹೊರಹೋಗುವುದೂ ಬಹುತೇಕ ಏಕಕಾಲದಲ್ಲಿ ನಡೆಯುವುದರಿಂದ, ಇಂಧನದ ಒಂದು ಪಾಲು ಉರಿಯದೆಯೇ ಹೊಗೆಯೊಂದಿಗೆ ಹೊರಬೀಳುತ್ತದೆ. ಎಂಜಿನ್ನಿನ ಒಳಭಾಗಗಳಿಗೆ ಜಿಡ್ಡು ಒದಗಿಸಲು ಪೆಟ್ರೋಲಿನೊಂದಿಗೆ ಆಯಿಲ್ ಸೇರಬೇಕು. ಅದೂ ಉರಿದು ಹೊಗೆಯಾಗುತ್ತದೆ. ಜಾವಾ ಮತ್ತು ಯೆಜ್ಡಿಗಳಲ್ಲಿ ಆಯಿಲನ್ನು ಪೆಟ್ರೋಲ್ ಟ್ಯಾಂಕಿಗೇ ಬೆರೆಸಬೇಕಿತ್ತು. ಯಮಹಾ ಆರ್‌ಎಕ್ಸ್ 100ರಲ್ಲಿ ಪ್ರತ್ಯೇಕ ಆಯಿಲ್ ಟ್ಯಾಂಕ್ ಮತ್ತು ಪಂಪು ಈ ಕೆಲಸವನ್ನು ಮಾಡುತ್ತಿದ್ದವು.

ಕರ್ನಾಟಕದಲ್ಲಿ ಟೂ ಸ್ಟ್ರೋಕ್ ವಾಹನಗಳು

ಕರ್ನಾಟಕದಲ್ಲಿ ಈ ವಾಹನಗಳ ಇತಿಹಾಸ ಮೈಸೂರಿನೊಂದಿಗೆ ಬೆಸೆದುಕೊಂಡಿದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಅಂದಿನ ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಡಿ 1960ರ ದಶಕದ ಆರಂಭದಲ್ಲಿ 250 ಸಿಸಿ ಮೋಟಾರ್ ಸೈಕಲ್ ತಯಾರಿಸತೊಡಗಿತು. 1973ರಿಂದ ಇದೇ ವಾಹನ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟವಾಯಿತು. 1978ರಲ್ಲಿ ಯೆಜ್ಡಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಿಲಿಂಡರ್ ಒಂದೇ ಆದರೂ ಎರಡು ಸೈಲೆನ್ಸರ್ ಇರುವುದು, ಕಿಕ್ ಹೊಡೆಯಲು ಬಳಸಿದ ಸನ್ನೆಯನ್ನೇ ಗೇರ್ ಬದಲಾಯಿಸಲೂ ಬಳಸುವುದು ಈ ವಾಹನಗಳ ಗುರುತು.

ಇದೇ ಕಾಲದಲ್ಲಿ ಎಸ್ಕಾರ್ಟ್ಸ್ ಸಂಸ್ಥೆಯ 173 ಸಿಸಿ ರಾಜದೂತ್ ಗ್ರಾಮಾಂತರ ಪ್ರದೇಶಗಳಲ್ಲಿ ಹರಡಿತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಬಂದಿತು. 1983ರಲ್ಲಿ ರಾಜದೂತ್ 350, 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂದವು. ಆರ್‌ಎಕ್ಸ್ 100ರ ಸಿಲಿಂಡರಿನ ವ್ಯಾಸ 50 ಮಿ.ಮೀ., ಪಿಸ್ಟನ್ ಚಲಿಸುವ ದೂರವೂ 50 ಮಿ.ಮೀ.; ಒಟ್ಟು ಗಾತ್ರ 98.2 ಸಿಸಿ. ಇದರ ತಯಾರಿಕೆಯೂ 1996ರಲ್ಲಿ ನಿಂತಿತು. ಬಳಿಕ 132 ಸಿಸಿಯ ಆರ್‌ಎಕ್ಸ್ 135 ಕೆಲವು ವರ್ಷ ಮುಂದುವರಿಯಿತು.

2018ರಲ್ಲಿ ಜಾವಾ ಮತ್ತು 2022ರಲ್ಲಿ ಯೆಜ್ಡಿ ಹೆಸರುಗಳು ಭಾರತದ ಮಾರುಕಟ್ಟೆಗೆ ಮರಳಿದವು. ಈ ಹೊಸ ವಾಹನಗಳ ಎಂಜಿನ್ ನಾಲ್ಕು ಹೊಡೆತದ್ದು. ಹೆಸರು ಒಂದೇ ಆದರೂ ಇವು ಈ ಲೇಖನದ ವ್ಯಾಪ್ತಿಗೆ ಸೇರುವುದಿಲ್ಲ.

ತಯಾರಿಕೆ ನಿಂತ ಬಗೆ

ಸಾಮಾನ್ಯವಾಗಿ ಒಂದು ಮಾದರಿ ಹಳೆಯದಾಗುವುದು ಅದಕ್ಕಿಂತ ಉತ್ತಮವಾದುದು ಬಂದಾಗ. ಟೂ ಸ್ಟ್ರೋಕ್ ವಾಹನಗಳ ವಿಷಯದಲ್ಲಿ ಒಂದು ಇಡೀ ಎಂಜಿನ್ ಪದ್ಧತಿಯನ್ನೇ ಹೊಗೆ ನಿಯಮಗಳು ಹಿಂದಕ್ಕೆ ಸರಿಸಿದವು. ಭಾರತದಲ್ಲಿ ಹೊಸ ದ್ವಿಚಕ್ರ ವಾಹನಗಳಿಗೆ ಪ್ರತಿ ಕಿಲೋಮೀಟರಿಗೆ ನಿಗದಿಯಾದ ಮಿತಿಗಳು ಹೀಗೆ ಬಿಗಿಯಾದವು:

• 1996: ಕಾರ್ಬನ್ ಮೊನಾಕ್ಸೈಡ್ 4.5 ಗ್ರಾಂ, ಹೈಡ್ರೊಕಾರ್ಬನ್ ಮತ್ತು ಸಾರಜನಕದ ಆಕ್ಸೈಡುಗಳು ಸೇರಿ 3.6 ಗ್ರಾಂ
• 2000: ಎರಡೂ ತಲಾ 2 ಗ್ರಾಂ
• 2005: ಎರಡೂ ತಲಾ 1.5 ಗ್ರಾಂ
• 2010: ಎರಡೂ ತಲಾ 1 ಗ್ರಾಂ

ಉರಿಯದ ಇಂಧನವನ್ನು ಹೊರಬಿಡುವುದು ಟೂ ಸ್ಟ್ರೋಕ್ ಎಂಜಿನ್ನಿನ ಹುಟ್ಟುಗುಣ. ಆದ್ದರಿಂದ ಎರಡನೆಯ ಮಿತಿಯನ್ನು ಪಾಲಿಸುವುದು ಅದಕ್ಕೆ ವರ್ಷದಿಂದ ವರ್ಷಕ್ಕೆ ಕಷ್ಟವಾಯಿತು. ಹೊಗೆಕೊಳವೆಯಲ್ಲಿ ವೇಗವರ್ಧಕ ಅಳವಡಿಸಿ ಕೆಲವು ಮಾದರಿಗಳನ್ನು ಸ್ವಲ್ಪ ಕಾಲ ಉಳಿಸಿಕೊಳ್ಳಲಾಯಿತಾದರೂ, ತಯಾರಕರು ಒಬ್ಬೊಬ್ಬರಾಗಿ ನಾಲ್ಕು ಹೊಡೆತದ ಎಂಜಿನ್ನಿಗೆ ಬದಲಾದರು. ಹೀಗಾಗಿ ಇಂದು ಬಳಕೆಯಲ್ಲಿರುವ ಟೂ ಸ್ಟ್ರೋಕ್ ಮೋಟಾರ್ ಸೈಕಲ್‌ಗಳಲ್ಲಿ ಬಹುಪಾಲು ಎರಡು ದಶಕಗಳಿಗಿಂತ ಹಿಂದಿನವು.

ಕಾನೂನಿನ ಅಳತೆಗಳು

15 ವರ್ಷ: 1988ರ ಮೋಟಾರು ವಾಹನಗಳ ಕಾಯ್ದೆಯ 41ನೆಯ ಪ್ರಕರಣದ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿ ಪತ್ರಕ್ಕೆ 15 ವರ್ಷಗಳ ಮಾನ್ಯತೆ ಇರುತ್ತದೆ. ಅನಂತರ ವಾಹನವನ್ನು ತಪಾಸಣೆಗೆ ಒಡ್ಡಿ, ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ತಲಾ 5 ವರ್ಷಗಳ ಅವಧಿಗೆ ನವೀಕರಿಸಬಹುದು. 15 ವರ್ಷ ತುಂಬಿದ ವಾಹನವನ್ನು ಕಡ್ಡಾಯವಾಗಿ ಗುಜರಿಗೆ ಹಾಕಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಇದು ದೆಹಲಿ ರಾಷ್ಟ್ರೀಯ ರಾಜಧಾನಿ ಪ್ರದೇಶದಲ್ಲಿ ಹಳೆಯ ವಾಹನಗಳ ಮೇಲೆ ನ್ಯಾಯಾಲಯದ ಆದೇಶಗಳಿಂದ ಬಂದ ನಿರ್ಬಂಧದ ಸುದ್ದಿಯಿಂದ ಹುಟ್ಟಿದ ತಪ್ಪು ತಿಳಿವಳಿಕೆ. ಆ ನಿರ್ಬಂಧ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ತಪಾಸಣೆಯಲ್ಲಿ ತೇರ್ಗಡೆಯಾದ ವಾಹನ, ನವೀಕರಣ ಶುಲ್ಕ ಮತ್ತು ರಾಜ್ಯದ ಹಸಿರು ತೆರಿಗೆ ಸಂದಾಯವಾದರೆ, ಮುಂದುವರಿಯಬಹುದು.

ಆದರೆ ನವೀಕರಣ ಮಾಡಿಸದೆ ಬಿಟ್ಟ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. 2022ರ ಏಪ್ರಿಲ್ 1ರಿಂದ ಮೋಟಾರ್ ಸೈಕಲ್ ನವೀಕರಣ ಶುಲ್ಕ 1,000 ರೂಪಾಯಿಗೆ ಏರಿತು. ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕವನ್ನು ನಿಯಮ ವಿಧಿಸುತ್ತದೆ. ಒಂದು ವರ್ಷದ ವಿಳಂಬಕ್ಕೆ ಇದು 3,600 ರೂಪಾಯಿ ಆಗುತ್ತದೆ. ಕೊಟ್ಟಿಗೆಯಲ್ಲಿ ಹಲವು ವರ್ಷ ನಿಂತ ವಾಹನದ ಬಾಕಿ ಕೆಲವೊಮ್ಮೆ ಅದರ ಮಾರಾಟದ ಬೆಲೆಯನ್ನೇ ಮೀರುವುದು ಈ ಕಾರಣದಿಂದ.

20 ವರ್ಷ: 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಯಮಗಳಿಗೆ ತಿದ್ದುಪಡಿ ತಂದು, 20 ವರ್ಷ ಮೀರಿದ ಮೋಟಾರ್ ಸೈಕಲ್ ನವೀಕರಣಕ್ಕೆ 2,000 ರೂಪಾಯಿ ಶುಲ್ಕ ನಿಗದಿಪಡಿಸಿತು. ಉಳಿದಿರುವ ಬಹುತೇಕ ಟೂ ಸ್ಟ್ರೋಕ್ ಮೋಟಾರ್ ಸೈಕಲ್‌ಗಳು ಈ ವರ್ಗಕ್ಕೆ ಸೇರುತ್ತವೆ.

50 ವರ್ಷ: 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 'ವಿಂಟೇಜ್ ಮೋಟಾರು ವಾಹನ' ಎಂಬ ವರ್ಗವನ್ನು ಸೇರಿಸಲಾಯಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿ ಕಾಪಾಡಿಕೊಂಡು ಬಂದ, ಗಣನೀಯವಾಗಿ ಮಾರ್ಪಡಿಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದಕ್ಕೆ ಅರ್ಹ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದ್ದು, ಪತ್ರಕ್ಕೆ 10 ವರ್ಷಗಳ ಮಾನ್ಯತೆ ಇದೆ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ಹಳೆವಾಹನಗಳ ರ‍್ಯಾಲಿ, ಇಂಧನ ತುಂಬಿಸುವಿಕೆ ಮತ್ತು ನಿರ್ವಹಣೆಗಾಗಿ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ.

ಈ ಲೆಕ್ಕದಂತೆ 1965ರಲ್ಲಿ ನೋಂದಣಿಯಾದ ಮೈಸೂರಿನ ಜಾವಾ 2015ರಲ್ಲಿಯೇ 50 ವರ್ಷ ಪೂರೈಸಿದೆ. 1978ರ ರೋಡ್‌ಕಿಂಗ್ 2028ರಲ್ಲಿ, 1985ರ ಆರ್‌ಎಕ್ಸ್ 100 ವಾಹನ 2035ರಲ್ಲಿ ಆ ಗಡಿಯನ್ನು ಮುಟ್ಟುತ್ತವೆ.

ಹೊಗೆ ತಪಾಸಣೆಯ ಗಡಿ: ಬಳಕೆಯಲ್ಲಿರುವ ವಾಹನಗಳ ಹೊಗೆ ತಪಾಸಣೆಯಲ್ಲಿ ವಯಸ್ಸಿನ ಬದಲು ತಯಾರಾದ ದಿನಾಂಕವನ್ನು ನೋಡಲಾಗುತ್ತದೆ. 2000ದ ಮಾರ್ಚ್ 31ಕ್ಕೆ ಮೊದಲು ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮೊನಾಕ್ಸೈಡ್ ಶೇ. 4.5 ಮತ್ತು ಹೈಡ್ರೊಕಾರ್ಬನ್ ದಶಲಕ್ಷಕ್ಕೆ 9,000 ಅಂಶಗಳವರೆಗೆ ಇರಬಹುದು. ಆ ದಿನಾಂಕದ ನಂತರದ ಟೂ ಸ್ಟ್ರೋಕ್ ವಾಹನಕ್ಕೆ ಈ ಮಿತಿಗಳು ಶೇ. 3.5 ಮತ್ತು 6,000. ಆದ್ದರಿಂದ 1995ರ ಆರ್‌ಎಕ್ಸ್ 100 ಮತ್ತು 2002ರ ಆರ್‌ಎಕ್ಸ್ 135 ನೋಡಲು ಒಂದೇ ಬಗೆಯವಾದರೂ ತಪಾಸಣಾ ಕೇಂದ್ರದಲ್ಲಿ ಬೇರೆ ಬೇರೆ ವರ್ಗದವು.

ಪರಂಪರೆಯ ಅಳತೆ

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, ಕನಿಷ್ಠ 30 ವರ್ಷ ಹಳೆಯದಾದ, ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿ ಉಳಿಸಿಕೊಂಡ, ನಿತ್ಯದ ಸಾರಿಗೆಗೆ ಬಳಸದ ವಾಹನವನ್ನು ಐತಿಹಾಸಿಕ ವಾಹನವೆಂದು ಪರಿಗಣಿಸುತ್ತದೆ. ಈ ಅಳತೆಯಂತೆ ಮೈಸೂರಿನಲ್ಲಿ ತಯಾರಾದ ಯೆಜ್ಡಿಗಳೂ ಆರ್‌ಎಕ್ಸ್ 100 ವಾಹನಗಳೂ, 1996ರ ಕೊನೆಯವನ್ನೂ ಸೇರಿಸಿ, 2026ರ ಹೊತ್ತಿಗೆ 30 ವರ್ಷದ ಗಡಿಯನ್ನು ತಲಪುತ್ತವೆ. ಫೀವಾದ ವ್ಯಾಖ್ಯೆ ಭಾರತದ ನೋಂದಣಿ ನಿಯಮವಲ್ಲ. ಅದರಿಂದ ಶುಲ್ಕದಲ್ಲಾಗಲಿ ತಪಾಸಣೆಯಲ್ಲಾಗಲಿ ವಿನಾಯಿತಿ ದೊರೆಯುವುದಿಲ್ಲ.

ಮಣ್ಣಿನ ಹಾದಿಯ ಪಂದ್ಯಗಳಲ್ಲಿ

ಉಬ್ಬುತಗ್ಗಿನ ಮಣ್ಣಿನ ಹಾದಿಯಲ್ಲಿ ನಡೆಯುವ ಪಂದ್ಯವನ್ನು ಮೋಟೊಕ್ರಾಸ್ ಎನ್ನುತ್ತಾರೆ. ಅದಕ್ಕೆಂದೇ ನಿರ್ಮಿಸಿದ ವಾಹನ ಡರ್ಟ್ ಬೈಕ್. ಹಗುರವಾದ ಟೂ ಸ್ಟ್ರೋಕ್ ಎಂಜಿನ್ ಈ ಕ್ರೀಡೆಯನ್ನು ಹಲವು ದಶಕ ಆಳಿತು. ಜಾವಾದ ಸೋದರ ಸಂಸ್ಥೆಯಾದ ಸಿಝಡ್ ತಯಾರಿಸಿದ ವಾಹನದಲ್ಲಿ ಪೌಲ್ ಫ್ರೀಡ್ರಿಕ್ಸ್ 1966ರ 500 ಸಿಸಿ ವಿಶ್ವ ಚಾಂಪಿಯನ್ ಆದದ್ದು ಆ ವರ್ಗದಲ್ಲಿ ಟೂ ಸ್ಟ್ರೋಕ್ ವಾಹನದ ಮೊದಲ ವಿಶ್ವವಿಜಯ.

ಪಂದ್ಯದ ವಾಹನಗಳು ಸಾಮಾನ್ಯವಾಗಿ ರಸ್ತೆ ನೋಂದಣಿ ಹೊಂದಿರುವುದಿಲ್ಲ. ಹೀಗಾಗಿ ನೋಂದಣಿ ದಿನಾಂಕದಿಂದ ವಯಸ್ಸು ಎಣಿಸುವ ಪದ್ಧತಿ ಇಲ್ಲಿ ನಡೆಯದು. ತಯಾರಕರು ಮುಂದಿನ ವರ್ಷದ ಮಾದರಿಯನ್ನು ಹಿಂದಿನ ವರ್ಷದ ಕೊನೆಯಲ್ಲೇ ಮಾರುಕಟ್ಟೆಗೆ ಬಿಡುವುದರಿಂದ ಖರೀದಿಯ ರಸೀದಿಯೂ ನಿಖರವಲ್ಲ. ಜೊತೆಗೆ 1970 ಮತ್ತು 1980ರ ದಶಕಗಳಲ್ಲಿ ತಂತ್ರಜ್ಞಾನ ಎಷ್ಟು ಬೇಗ ಬದಲಾಯಿತೆಂದರೆ ನಾಲ್ಕೈದು ವರ್ಷಗಳ ಅಂತರದ ಎರಡು ವಾಹನಗಳನ್ನು ಒಂದೇ ಪಂದ್ಯದಲ್ಲಿ ಓಡಿಸುವುದು ನ್ಯಾಯವೆನಿಸದಾಯಿತು. 1973ರಲ್ಲಿ ಹಿಂಬದಿಗೆ ಒಂದೇ ಶಾಕ್ ಅಬ್ಸಾರ್ಬರ್ ಇದ್ದ ಯಮಹಾ ವಾಹನದಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ 250 ಸಿಸಿ ವಿಶ್ವ ಪ್ರಶಸ್ತಿ ಗೆದ್ದರು. 1980ರ ದಶಕದ ಆರಂಭದಲ್ಲಿ ನೀರಿನಿಂದ ತಂಪಾಗುವ ಎಂಜಿನ್, ಸನ್ನೆಗಳ ಜೋಡಣೆಯುಳ್ಳ ಹಿಂಬದಿ ಸಸ್ಪೆನ್ಷನ್ ಮತ್ತು ಡಿಸ್ಕ್ ಬ್ರೇಕ್ ಒಂದರ ಹಿಂದೊಂದು ಬಂದವು.

ಆದ್ದರಿಂದ ಹಳೆಯ ವಾಹನಗಳ ಪಂದ್ಯ ನಡೆಸುವ ಸಂಸ್ಥೆಗಳು ರಚನೆಯನ್ನೂ ಆಧರಿಸಿ ವರ್ಗಗಳನ್ನು ಮಾಡಿಕೊಂಡವು:

• ಅಮೆರಿಕದ ಹಳೆವಾಹನ ಪಂದ್ಯಗಳ ಸಂಘವಾದ ಆರ್ಮಾದ ವಿಂಟೇಜ್ ವರ್ಗ 1974ರವರೆಗಿನ ಮಾದರಿಗಳಿಗೆ ಮೀಸಲು. ಚಕ್ರ ಮೇಲೆ ಕೆಳಗೆ ಚಲಿಸುವ ಅಂತರ ಮುಂದೆ 7 ಅಂಗುಲ, ಹಿಂದೆ 4 ಅಂಗುಲ ಮೀರಬಾರದು.
• ಟ್ವಿನ್‌ಶಾಕ್ ವರ್ಗದಲ್ಲಿ ಹಿಂಬದಿಗೆ ಎರಡು ಶಾಕ್ ಅಬ್ಸಾರ್ಬರ್ ಇರುವ ವಾಹನಗಳು ಸ್ಪರ್ಧಿಸುತ್ತವೆ.
• ಇವೊ ವರ್ಗಕ್ಕೆ ಗಾಳಿಯಿಂದ ತಂಪಾಗುವ ಎಂಜಿನ್, ಡ್ರಮ್ ಬ್ರೇಕ್, ಸನ್ನೆಜೋಡಣೆಯಿಲ್ಲದ ಹಿಂಬದಿ ಸಸ್ಪೆನ್ಷನ್ ಎಂಬ ಮೂರು ಲಕ್ಷಣಗಳು ಬೇಕು.

ಈ ಪದ್ಧತಿಯ ತಿರುಳು ಸರಳ: ವಾಹನ ಯಾವ ವರ್ಷದ್ದು ಎಂದು ಕೇಳುವುದರ ಜೊತೆಗೆ ಅದು ಯಾವ ತಲೆಮಾರಿನ ರಚನೆಯದು ಎಂದೂ ಕೇಳಬೇಕು.

ಭಾರತದಲ್ಲಿ ವಿದೇಶಿ ಡರ್ಟ್ ಬೈಕ್‌ಗಳು ದುರ್ಲಭವಾಗಿದ್ದ ಕಾಲದಲ್ಲಿ ರಸ್ತೆಯ ಟೂ ಸ್ಟ್ರೋಕ್ ವಾಹನಗಳನ್ನೇ ಮಾರ್ಪಡಿಸಿ ಮಣ್ಣಿನ ಪಂದ್ಯಗಳಲ್ಲಿ ಬಳಸಲಾಯಿತು. ಯೆಜ್ಡಿ, ಯಮಹಾ ಆರ್‌ಎಕ್ಸ್ ಸರಣಿ ಮತ್ತು ಸುಜುಕಿ ಶೋಗನ್ ಇವುಗಳಲ್ಲಿ ಮುಖ್ಯವಾದವು. ಇಂತಹ ವಾಹನ ಪಂದ್ಯದ ಇತಿಹಾಸದ ದೃಷ್ಟಿಯಿಂದ ಅಮೂಲ್ಯವಾಗಿದ್ದರೂ, ಮೂಲರೂಪ ಕಳೆದುಕೊಂಡಿರುವುದರಿಂದ ಕಾನೂನಿನ ವಿಂಟೇಜ್ ವರ್ಗಕ್ಕೆ ಸೇರುವುದು ಕಷ್ಟ.

ಯಂತ್ರದ ಸವೆತ

ಇಸವಿಯಿಂದ ಹಳೆಯದಾದ ಎಂಜಿನ್ ಸವೆತದಿಂದಲೂ ಹಳೆಯದಾಗಿರಬೇಕೆಂದಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಮೊದಲು ಸವೆಯುವುದು ಪಿಸ್ಟನ್ ರಿಂಗ್ ಮತ್ತು ಸಿಲಿಂಡರಿನ ಒಳಗೋಡೆ. ಬೋರ್ ಮಾಡಿಸಿ, ಅಂದರೆ ಒಳಗೋಡೆಯನ್ನು ಕೊರೆದು ನಯಗೊಳಿಸಿ, ಒಂದಳತೆ ದೊಡ್ಡ ಪಿಸ್ಟನ್ ಹಾಕಿದರೆ ಎಂಜಿನ್ ಮತ್ತೆ ಹೊಸತರಂತಾಗುತ್ತದೆ. ಈ ಅಳತೆಗಳು ಸಾಮಾನ್ಯವಾಗಿ 0.25 ಮಿ.ಮೀ. ಅಂತರದಲ್ಲಿ ಏರುತ್ತವೆ. ಕೊನೆಯ ಅಳತೆಯವರೆಗೂ ಕೊರೆದಾದ ಸಿಲಿಂಡರಿಗೆ ಹೊಸ ಲೈನರ್ ಹಾಕಿಸಬೇಕಾಗುತ್ತದೆ. ಆದ್ದರಿಂದ ಎಂಜಿನ್ನಿನ ನಿಜವಾದ ವಯಸ್ಸು ಎಷ್ಟು ಬಾರಿ ಬೋರ್ ಆಗಿದೆ ಎಂಬುದರಲ್ಲಿ ಕಾಣುತ್ತದೆ.

ಕ್ರ್ಯಾಂಕಿನ ಬೇರಿಂಗ್ ಮತ್ತು ಆಯಿಲ್ ಸೀಲ್‌ಗಳು ಎರಡನೆಯ ಸೂಚಕ. ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಪೆಟ್ಟಿಗೆಯೇ ಇಂಧನ ಮಿಶ್ರಣವನ್ನು ಒತ್ತಿ ಸಿಲಿಂಡರಿಗೆ ಕಳಿಸುವುದರಿಂದ, ಸೀಲ್ ಗಟ್ಟಿಯಾಗಿ ಬಿರಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಹಿಡಿದುಕೊಳ್ಳಬಹುದು. ಓಡಿಸದೆ ನಿಲ್ಲಿಸಿದ ವಾಹನದಲ್ಲಿ ಈ ರಬ್ಬರ್ ಸೀಲ್‌ಗಳು ಕಿಲೋಮೀಟರ್ ಲೆಕ್ಕವಿಲ್ಲದೆಯೇ ಹಾಳಾಗುತ್ತವೆ. ಹೊಗೆಕಿಂಡಿ ಮತ್ತು ಸೈಲೆನ್ಸರಿನಲ್ಲಿ ಕಟ್ಟಿದ ಕರಿ ಶಕ್ತಿಯನ್ನು ಕುಂದಿಸುತ್ತದೆಯಾದರೂ, ಅದನ್ನು ತೆಗೆದರೆ ಸರಿಹೋಗುತ್ತದೆ. ಅದು ವಯಸ್ಸಿನ ಗುರುತಲ್ಲ.

ಕೂಡ್ಲಿಗಿ ಸೀಮೆಯಲ್ಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಮಳೆಯಾಶ್ರಿತ ಬೇಸಾಯದ ಈ ಸೀಮೆಯಲ್ಲಿ ಹೊಲಕ್ಕೆ ಹೋಗುವ ಬಂಡಿಜಾಡು, ಹಳ್ಳ ದಾಟುವ ಕಚ್ಚಾ ದಾರಿಗಳೇ ದಿನನಿತ್ಯದ ಮಾರ್ಗ. ಕಡಿಮೆ ತೂಕ ಮತ್ತು ಸುಲಭ ದುರಸ್ತಿಯ ಕಾರಣದಿಂದ ಟೂ ಸ್ಟ್ರೋಕ್ ಮೋಟಾರ್ ಸೈಕಲ್ ಮತ್ತು ಮೊಪೆಡ್‌ಗಳು ಇಂತಹ ಕಡೆ ಹಾಲಿನ ಕ್ಯಾನು, ಹೂವಿನ ಬುಟ್ಟಿ, ಶೇಂಗಾ ಚೀಲಗಳನ್ನು ಹೊತ್ತವು. ಪಂದ್ಯಕ್ಕಲ್ಲದಿದ್ದರೂ ಮಣ್ಣಿನ ಹಾದಿಯಲ್ಲಿಯೇ ಆಯುಷ್ಯ ಕಳೆದ ವಾಹನಗಳಿವು. ಮಣ್ಣುದೂಳು ಏರ್ ಫಿಲ್ಟರ್ ದಾಟಿ ಒಳಹೋದರೆ ಸಿಲಿಂಡರ್ ಬೇಗ ಸವೆಯುತ್ತದೆ. ಹೀಗಾಗಿ ಅದೇ ವರ್ಷದ ಪೇಟೆಯ ವಾಹನಕ್ಕಿಂತ ಹೊಲದ ದಾರಿಯ ವಾಹನದ ಎಂಜಿನ್ ಹೆಚ್ಚು ಸವೆದಿರುವ ಸಂಭವವಿದೆ.

ಈ ಭಾಗದಲ್ಲಿ ನೋಂದಣಿ ಸಂಖ್ಯೆಯಿಂದ ವಾಹನದ ಕಾಲವನ್ನು ಊಹಿಸುವಾಗ ಜಿಲ್ಲೆಗಳ ಇತಿಹಾಸವನ್ನೂ ಗಮನಿಸಬೇಕಾಗುತ್ತದೆ. ಮೈಸೂರು ರಾಜ್ಯದ ಕಾಲದ ಸಂಖ್ಯೆಗಳು 'ಎಂ' ಅಕ್ಷರದಿಂದಲೂ, ಅನಂತರದ ಕೆಲವು ಸರಣಿಗಳು 'ಸಿ' ಅಕ್ಷರದಿಂದಲೂ ಆರಂಭವಾಗುತ್ತಿದ್ದವು. 1988ರ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದ ಬಳಿಕ 'ಕೆಎ' ಸರಣಿ ರೂಢಿಯಾಯಿತು. ಇದರಲ್ಲಿ ಬಳ್ಳಾರಿಗೆ 34, ಹೊಸಪೇಟೆಗೆ 35, ದಾವಣಗೆರೆಗೆ 17 ಎಂಬ ಸಂಕೇತಗಳಿವೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆ ಬದಲಾದರೂ ವಾಹನದ ಸಂಖ್ಯೆ ತಾನಾಗಿ ಬದಲಾಗುವುದಿಲ್ಲ. ಆದ್ದರಿಂದ ಒಂದೇ ಬೀದಿಯಲ್ಲಿ ಬೇರೆ ಬೇರೆ ಸಂಕೇತಗಳ ಹಳೆಯ ವಾಹನಗಳು ಕಾಣಸಿಗುವುದು ಸಹಜ. ಸಂಖ್ಯಾಫಲಕ ಸುಳಿವು ಮಾತ್ರ, ಪ್ರಮಾಣವಲ್ಲ.

ವಯಸ್ಸು ನಿರ್ಣಯಿಸುವ ಕ್ರಮ

ಒಂದು ವಾಹನವನ್ನು ಮಾರುವ, ಗುಜರಿಗೆ ಹಾಕುವ ಅಥವಾ ಉಳಿಸುವ ಮುನ್ನ ಈ ಕೆಳಗಿನವನ್ನು ಕ್ರಮವಾಗಿ ಪರಿಶೀಲಿಸಬಹುದು.

1. ನೋಂದಣಿ ಪತ್ರದಲ್ಲಿ ತಯಾರಾದ ವರ್ಷ, ಮೊದಲ ನೋಂದಣಿಯ ದಿನಾಂಕ ಮತ್ತು ಮಾನ್ಯತೆಯ ಕೊನೆಯ ದಿನಾಂಕ. ಈ ಮೂರೂ ಬೇರೆ ಬೇರೆ ಕಾರ್ಯಗಳಿಗೆ ಆಧಾರ: ಮೊದಲನೆಯದು ಹೊಗೆ ತಪಾಸಣೆಗೆ, ಎರಡನೆಯದು ವಿಂಟೇಜ್ ಅರ್ಹತೆಗೆ, ಮೂರನೆಯದು ನವೀಕರಣಕ್ಕೆ.
2. ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಪತ್ರದೊಂದಿಗೆ ತಾಳೆಯಾಗುವುದೇ ಎಂಬುದು. ಎಂಜಿನ್ ಬದಲಾಯಿಸಿದ್ದರೆ ಅದಕ್ಕೆ ಕಾಯ್ದೆಯ 52ನೆಯ ಪ್ರಕರಣದಂತೆ ನೋಂದಣಿ ಪ್ರಾಧಿಕಾರದ ಅನುಮೋದನೆ ಇರಬೇಕು.
3. ಟ್ಯಾಂಕು, ಸೈಲೆನ್ಸರ್, ಚಕ್ರ, ಬ್ರೇಕ್ ಮೂಲರೂಪದಲ್ಲಿವೆಯೇ ಎಂಬುದು. ಬಿಚ್ಚಿಟ್ಟ ಮೂಲ ಭಾಗಗಳನ್ನು ಎಸೆಯದೆ ಇಟ್ಟುಕೊಂಡರೆ ಮುಂದೆ ವಾಹನವನ್ನು ಮೊದಲಿನ ಸ್ಥಿತಿಗೆ ತರಲು ಸಾಧ್ಯ.
4. ಸಿಲಿಂಡರ್ ಎಷ್ಟನೆಯ ಬೋರಿನಲ್ಲಿದೆ, ಕ್ರ್ಯಾಂಕಿನ ಸ್ಥಿತಿ ಹೇಗಿದೆ ಎಂಬುದು.

ಪತ್ರವಿಲ್ಲದ ವಾಹನ ಎಷ್ಟೇ ಹಳೆಯದಾದರೂ ರಸ್ತೆಯ ಮಟ್ಟಿಗೆ ವಯಸ್ಸಿಲ್ಲದ ವಾಹನ. ಸವೆದ ಎಂಜಿನ್ನನ್ನು ಸರಿಪಡಿಸಬಹುದು, ತುಕ್ಕು ತೆಗೆಯಬಹುದು. ಕಳೆದುಹೋದ ದಾಖಲೆಯನ್ನು ಮರಳಿ ಪಡೆಯುವುದು ಇವೆಲ್ಲಕ್ಕಿಂತ ಕಠಿಣ. ಹೀಗಾಗಿ ಹಳೆಯ ಟೂ ಸ್ಟ್ರೋಕ್ ವಾಹನವನ್ನು ಉಳಿಸಿಕೊಳ್ಳಬಯಸುವವರು ಮೊದಲು ಕಾಪಾಡಬೇಕಾದುದು ಅದರ ನೋಂದಣಿ ಪತ್ರವನ್ನು.